ಚೇಂಬರಿನಲ್ಲಿ ಸಿಕ್ಕಿಬಿದ್ದ ತೋಟಾ: ಎಂ-16 ರೈಫಲ್ ವಿಯೆಟ್ನಾಮಿನಲ್ಲಿ ಕೈಕೊಟ್ಟದ್ದೇಕೆ?

ಅರೆಸ್ವಯಂಚಾಲಿತ ರೈಫಲ್‌ನ ಟ್ರಿಗರ್ ಒಮ್ಮೆ ಎಳೆದರೆ ಗುಂಡು ಹಾರುತ್ತದೆ. ಅದರ ಬೆನ್ನಿಗೇ ಇನ್ನೂ ಏಳು ಕೆಲಸ ತಾವಾಗಿಯೇ ನಡೆಯಬೇಕು. ಬೋಲ್ಟಿನ ಬೀಗ ಕಳಚಬೇಕು, ಖಾಲಿ ತೋಟಾ ಚೇಂಬರಿನಿಂದ ಹೊರಬರಬೇಕು, ಪಕ್ಕಕ್ಕೆ ಸಿಡಿಯಬೇಕು, ಹ್ಯಾಮರ್ ಹಿಂದಕ್ಕೆ ಮಡಚಿ ನಿಲ್ಲಬೇಕು, ಮ್ಯಾಗಜೀನಿನಿಂದ ಹೊಸ ತೋಟಾ ಮೇಲೇಳಬೇಕು, ಚೇಂಬರಿನೊಳಗೆ ಕೂರಬೇಕು, ಬೀಗ ಮತ್ತೆ ಬೀಳಬೇಕು. ಈ ಚಕ್ರ ಎಲ್ಲಿ ನಿಂತರೂ ಸೈನಿಕನ ಕೈಯಲ್ಲಿ ಉಳಿಯುವುದು ಬರೀ ದೊಣ್ಣೆ.

ಚಕ್ರ ತಪ್ಪುವ ದೋಷ ಇಂಥ ಎಲ್ಲ ಬಂದೂಕಿಗೂ ಇದೆ. ಆದರೆ ಅಮೆರಿಕದ ಎಂ-16ರ ಬಗ್ಗೆ ನಡೆದಷ್ಟು ವಿಚಾರಣೆ ಬೇರೆ ರೈಫಲ್ ಬಗ್ಗೆ ನಡೆದದ್ದು ವಿರಳ. ಯೂಜೀನ್ ಸ್ಟೋನರ್ ರೂಪಿಸಿದ ರೈಫಲ್ ಸೈನಿಕನ ಕೈಗೆ ಬರುವ ಹೊತ್ತಿಗೆ ಅದರ ಮದ್ದು, ನಳಿಗೆಯ ತಿರುವು, ಬೋಲ್ಟಿನ ಜೋಡಣೆ ಎಲ್ಲವೂ ಒಂದಿಷ್ಟು ಬದಲಾಗಿದ್ದವು. ಯಾವ ಬದಲಾವಣೆ, ಅಥವಾ ಮಾಡದೆ ಬಿಟ್ಟ ಯಾವ ಕೆಲಸ, ರೈಫಲನ್ನು ಕೆಡಿಸಿತು ಎಂಬ ಪ್ರಶ್ನೆಗೆ ಅರ್ಧ ಶತಮಾನ ಮೀರಿದರೂ ಒಂದೇ ಉತ್ತರ ಸಿಕ್ಕಿಲ್ಲ.

ಅನಿಲ, ಬೋಲ್ಟು, ಕಾಲ

ಸ್ಟೋನರ್ ವಿನ್ಯಾಸದಲ್ಲಿ ಗುಂಡು ನಳಿಗೆಯಲ್ಲಿ ಸಾಗುವಾಗ ಅದರ ಹಿಂದಿನ ಬಿಸಿ ಅನಿಲದ ಒಂದು ಪಾಲು ನಳಿಗೆಯ ಸಣ್ಣ ರಂಧ್ರದ ಮೂಲಕ ಮೇಲಿನ ತೆಳು ಕೊಳವೆಗೆ ನುಗ್ಗುತ್ತದೆ. ಆ ಕೊಳವೆ ಅನಿಲವನ್ನು ನೇರವಾಗಿ ಬೋಲ್ಟನ್ನು ಹೊತ್ತ ಕ್ಯಾರಿಯರ್ ಒಳಕ್ಕೆ ತಂದು ಬಿಡುತ್ತದೆ. ಅನಿಲ ಅಲ್ಲಿ ಹಿಗ್ಗಿ ಕ್ಯಾರಿಯರನ್ನು ಹಿಂದಕ್ಕೆ ನೂಕುತ್ತದೆ. ಕ್ಯಾರಿಯರ್ ಹಿಂದೆ ಸರಿಯುತ್ತ ಬೋಲ್ಟನ್ನು ತಿರುಗಿಸಿ ಬೀಗ ಕಳಚುತ್ತದೆ. ಬೇರೆ ರೈಫಲ್‌ಗಳಲ್ಲಿ ಇರುವ ಉದ್ದನೆಯ ಪಿಸ್ಟನ್ ಇಲ್ಲಿಲ್ಲ. ತೂಕ ಇಳಿದದ್ದು, ಗುರಿ ಕದಲದೆ ನಿಂತದ್ದು ಇದರಿಂದ. ಅದೇ ಕಾರಣಕ್ಕೆ ಮದ್ದಿನ ಮಸಿಯೂ ಯಂತ್ರದ ಹೊಟ್ಟೆಯೊಳಗೇ ಬಂದು ಬೀಳುತ್ತದೆ.

ಇಲ್ಲಿ ಎಲ್ಲವೂ ಕಾಲದ ಲೆಕ್ಕ. ಗುಂಡು ಹಾರುವಾಗ ಹಿತ್ತಾಳೆಯ ತೋಟಾ ಒತ್ತಡಕ್ಕೆ ಊದಿ ಚೇಂಬರಿನ ಗೋಡೆಗೆ ಅಂಟಿಕೊಳ್ಳುತ್ತದೆ. ಒತ್ತಡ ಇಳಿದ ಮೇಲೆ ಹಿತ್ತಾಳೆ ತುಸು ಕುಗ್ಗಿ ಗೋಡೆ ಬಿಡುತ್ತದೆ. ಬೋಲ್ಟು ಆಮೇಲೆ ಎಳೆದರೆ ತೋಟಾ ಸಲೀಸಾಗಿ ಬರುತ್ತದೆ. ಅದಕ್ಕೂ ಮೊದಲೇ ಎಳೆದರೆ ಎಕ್ಸ್‌ಟ್ರಾಕ್ಟರಿನ ಕೊಕ್ಕೆ ತೋಟಾದ ಅಂಚನ್ನು ಹರಿಯುತ್ತದೆ, ಇಲ್ಲವೇ ಅಂಚಿನಿಂದ ಜಾರುತ್ತದೆ. ತೋಟಾ ಒಳಗೇ ಉಳಿಯುತ್ತದೆ.

ನಿಮಿಷಕ್ಕೆ 700 ಗುಂಡಿನ ವೇಗದಲ್ಲಿ ಒಂದು ಚಕ್ರಕ್ಕೆ ಸಿಗುವುದು ಸುಮಾರು 86 ಮಿಲಿಸೆಕೆಂಡ್. ವೇಗ 1,000ಕ್ಕೆ ಏರಿದರೆ 60 ಮಿಲಿಸೆಕೆಂಡ್. ಈ ವೇಗವನ್ನು ಅಳೆಯುವುದು ಸತತವಾಗಿ ಗುಂಡು ಹಾರಿಸಿಯಾದರೂ ಒಂದೊಂದೇ ಗುಂಡು ಹಾರಿಸುವವನಿಗೂ ಅದು ಸಂಬಂಧಿಸಿದ್ದೇ. ಟ್ರಿಗರ್ ಎಷ್ಟು ನಿಧಾನವಾಗಿ ಎಳೆದರೂ ಬೋಲ್ಟು ಹಿಂದೆ ಹಾರುವ ವೇಗ ಬದಲಾಗದು.

ಹೀಗಾಗಿ ಜಾಮ್ ಆದ ರೈಫಲನ್ನು ನೋಡುವವರು ಮೊದಲು ಕೇಳುವುದು, ತೋಟಾ ಎಲ್ಲಿ ನಿಂತಿದೆ ಎಂದು. ಖಾಲಿ ತೋಟಾ ಹೊರಬಾಗಿಲಲ್ಲೇ ಬೋಲ್ಟಿಗೆ ಸಿಕ್ಕಿ ಸೆಟೆದು ನಿಂತಿದ್ದರೆ ಬೋಲ್ಟಿಗೆ ಹಿಂದೆ ಹೋಗುವ ಬಲ ಸಾಲದೆ ಹೋಗಿರಬಹುದು. ಬೋಲ್ಟು ಹೊಸ ತೋಟಾವನ್ನು ಹಿಡಿಯದೆ ಖಾಲಿ ಚೇಂಬರಿನ ಮೇಲೆ ಮುಚ್ಚಿಕೊಂಡಿದ್ದರೆ ಎರಡು ಸಾಧ್ಯತೆ: ಬೋಲ್ಟು ಪೂರ್ತಿ ಹಿಂದೆ ಹೋಗಿಲ್ಲ, ಅಥವಾ ಮ್ಯಾಗಜೀನಿನ ಸ್ಪ್ರಿಂಗ್ ತೋಟಾ ಎತ್ತುವ ಮೊದಲೇ ಮುಂದೆ ಓಡಿಬಂದಿದೆ. ಅಂಚು ಹರಿದ ತೋಟಾ ಚೇಂಬರಿನಲ್ಲೇ ಉಳಿದಿದ್ದರೆ ಬೋಲ್ಟು ಅವಸರ ಮಾಡಿದೆ, ಇಲ್ಲವೇ ಚೇಂಬರಿನ ಗೋಡೆ ಒರಟಾಗಿದೆ. ವಿಯೆಟ್ನಾಮಿನಲ್ಲಿ ಜೀವಕ್ಕೆ ಎರವಾದದ್ದು ಹೆಚ್ಚಾಗಿ ಈ ಕೊನೆಯ ದೋಷ. ಅದಕ್ಕೆ ಎರಡು ಕಾರಣ ಇರಬಹುದು ಎಂಬಲ್ಲೇ ಇಡೀ ವಾದದ ಬೇರಿದೆ.

ಎಆರ್-15 ಎಂ-16 ಆದ ದಾರಿ

1950ರ ದಶಕದಲ್ಲಿ ಆರ್ಮಲೈಟ್ ಸಂಸ್ಥೆಯಲ್ಲಿದ್ದ ಸ್ಟೋನರ್ 7.62 ಮಿ.ಮೀ.ನ ಎಆರ್-10 ರೈಫಲ್ ರೂಪಿಸಿದರು. ಅದನ್ನೇ ಸಣ್ಣದು ಮಾಡಿ, ಹಗುರವಾದ ಹೊಸ ತೋಟಾಕ್ಕೆ ಹೊಂದಿಸಿದ್ದು ಎಆರ್-15. 1959ರಲ್ಲಿ ಅದರ ಹಕ್ಕು ಕೋಲ್ಟ್ ಕಂಪನಿಗೆ ಹೋಯಿತು. ಅಮೆರಿಕದ ಭೂಸೇನೆ ಆಗಷ್ಟೇ ಎಂ-14 ರೈಫಲ್ ಒಪ್ಪಿಕೊಂಡಿತ್ತು. ಸಣ್ಣ ಗುಂಡಿನ ಬಂದೂಕು ಅದಕ್ಕೆ ಬೇಕಿರಲಿಲ್ಲ. ಎಆರ್-15ರ ಕೈಹಿಡಿದದ್ದು ವಾಯುಸೇನೆ. 1962ರಲ್ಲಿ ಪ್ರಾಜೆಕ್ಟ್ ಎಜೈಲ್ ಯೋಜನೆಯಡಿ ಸುಮಾರು 1,000 ರೈಫಲ್ ದಕ್ಷಿಣ ವಿಯೆಟ್ನಾಮಿನ ಸೈನಿಕರಿಗೆ ಕೊಟ್ಟಾಗ ಬಂದ ವರದಿ ಹೊಗಳಿಕೆಯಿಂದ ತುಂಬಿತ್ತು.

ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರಾ ಎಂ-14 ತಯಾರಿಕೆ ನಿಲ್ಲಿಸಿದರು. 1963ರ ನವೆಂಬರ್‌ನಲ್ಲಿ 1,04,000 ರೈಫಲ್‌ಗಳಿಗೆ ಗುತ್ತಿಗೆಯಾಯಿತು: ಭೂಸೇನೆಗೆ 85,000, ವಾಯುಸೇನೆಗೆ 19,000. ಇದು ಒಂದೇ ಬಾರಿಯ ಖರೀದಿ ಎಂಬ ಭಾವನೆ ಆಗ ಗಟ್ಟಿಯಾಗಿತ್ತು. ತಾತ್ಕಾಲಿಕ ಎಂದುಕೊಂಡ ವಸ್ತುವಿಗೆ ಪೂರ್ಣ ಪರೀಕ್ಷೆಯ ಶ್ರಮ ಏಕೆ ಎಂಬ ಧೋರಣೆ ಅಲ್ಲೇ ಬೇರೂರಿತು.

ಭೂಸೇನೆ ತನ್ನ ಆವೃತ್ತಿಗೆ, ಅಂದರೆ ಎಕ್ಸ್‌ಎಂ16ಇ1ಗೆ, ಬೋಲ್ಟನ್ನು ಕೈಯಿಂದ ಮುಂದಕ್ಕೆ ಒತ್ತುವ ಗುಂಡಿಯೊಂದನ್ನು ಸೇರಿಸಿತು. ವಾಯುಸೇನೆ ಅದು ಬೇಡವೆಂದಿತು. ತೀವ್ರ ಚಳಿಯಲ್ಲೂ ಗುಂಡು ಗುರಿ ತಪ್ಪಬಾರದೆಂದು ನಳಿಗೆಯ ತಿರುವು 14 ಅಂಗುಲಕ್ಕೊಂದು ಸುತ್ತಿನಿಂದ 12 ಅಂಗುಲಕ್ಕೊಂದು ಸುತ್ತಿಗೆ ಬದಲಾಯಿತು. ಚಕ್ರದ ದೋಷಕ್ಕೆ ಇವೆರಡೂ ಕಾರಣವೆಂದು ಯಾರೂ ಹೇಳುವುದಿಲ್ಲ. ಮದ್ದಿನ ಬದಲಾವಣೆಯ ಕಥೆ ಬೇರೆ.

1967ರ ಬೆಟ್ಟಗಳು

1965ರ ನವೆಂಬರ್‌ನಲ್ಲಿ ಇಯಾ ಡ್ರಾಂಗ್ ಕಣಿವೆಯಲ್ಲಿ ಹೋರಾಡಿದ ದಳದ ನಾಯಕ ಹಾಲ್ ಮೂರ್ ಈ ರೈಫಲನ್ನು ಮೆಚ್ಚಿ ಮಾತಾಡಿದರು. ಅದರ ಬೆನ್ನಿಗೆ ಬೇಡಿಕೆ ಏರಿತು. 1967ರ ವಸಂತದಲ್ಲಿ ಮರೀನ್ ಪಡೆಗಳಿಗೆ ಎಂ-14 ಹಿಂದೆಗೆದುಕೊಂಡು ಎಂ-16 ಕೊಡಲಾಯಿತು. ಕೆಲವೇ ವಾರಗಳಲ್ಲಿ ಖೆ ಸಾನ್ ಬಳಿಯ 861, 881 ಸಂಖ್ಯೆಯ ಬೆಟ್ಟಗಳಲ್ಲಿ ಭೀಕರ ಕಾಳಗ ನಡೆಯಿತು.

ಚೇಂಬರಿನಲ್ಲಿ ತೋಟಾ ಸಿಕ್ಕಿಬಿದ್ದರೆ ಅದನ್ನು ತೆಗೆಯಲು ದಾರಿ ಒಂದೇ. ತುಂಡುತುಂಡಾಗಿರುವ ಶುಚಿಕಡ್ಡಿಯನ್ನು ಒಂದಕ್ಕೊಂದು ತಿರುಪಿ ಜೋಡಿಸಬೇಕು, ರೈಫಲ್ ನೆಟ್ಟಗೆ ಹಿಡಿದು ಮೂತಿಯಿಂದ ಕಡ್ಡಿ ಇಳಿಬಿಟ್ಟು ಕುಟ್ಟಬೇಕು. ತೋಟಾ ಹಿಂದಿನಿಂದ ಉದುರಿದ ಮೇಲೆ ಇನ್ನೊಂದು ಗುಂಡು. ಅದೂ ಸಿಕ್ಕಿಕೊಂಡರೆ ಮತ್ತೆ ಕಡ್ಡಿ. ಎದುರಾಳಿ ಕೂಗಳತೆಯಲ್ಲಿ ಇರುವಾಗ ಈ ಕೆಲಸ ಮಾಡುತ್ತಲೇ ಸತ್ತವರ ಪಕ್ಕದಲ್ಲಿ ಬಿಚ್ಚಿದ ರೈಫಲ್‌ಗಳು ಸಿಕ್ಕವು. ತಮ್ಮಲ್ಲಿ ಹೆಚ್ಚಿನವರನ್ನು ಕೊಂದದ್ದು ತಮ್ಮದೇ ರೈಫಲ್ ಎಂದು ಮರೀನ್ ಒಬ್ಬ ಊರಿಗೆ ಬರೆದ ಕಾಗದ ಪತ್ರಿಕೆಯಲ್ಲಿ ಅಚ್ಚಾಯಿತು, ಸಂಸತ್ತಿನವರೆಗೂ ಹೋಯಿತು. ಮಿಸೌರಿಯ ರಿಚರ್ಡ್ ಐಕಾರ್ಡ್ ಅಧ್ಯಕ್ಷತೆಯಲ್ಲಿ ಪ್ರತಿನಿಧಿ ಸಭೆಯ ಉಪಸಮಿತಿ ವಿಚಾರಣೆ ನಡೆಸಿ, 1967ರ ಅಕ್ಟೋಬರ್‌ನಲ್ಲಿ ವರದಿ ಕೊಟ್ಟಿತು.

ಮದ್ದೇ ಕಾರಣ ಎನ್ನುವವರು

ಐಕಾರ್ಡ್ ಸಮಿತಿಯ ನಿಲುವು ಇದು. ಪತ್ರಕರ್ತ ಜೇಮ್ಸ್ ಫಾಲೋಸ್ 1981ರಲ್ಲಿ ಅಟ್ಲಾಂಟಿಕ್ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಅದು ಜನರಿಗೆ ಇನ್ನಷ್ಟು ಪರಿಚಯವಾಯಿತು.

ಎಆರ್-15 ಹುಟ್ಟಿದ್ದು ಡ್ಯುಪಾಂಟ್ ಕಂಪನಿಯ ಐಎಂಆರ್ 4475 ಎಂಬ ಸಣ್ಣ ಕೊಳವೆಯಾಕಾರದ ಕಾಳಿನ ಮದ್ದಿನೊಂದಿಗೆ. ಅನಿಲರಂಧ್ರದ ಅಳತೆ, ಕ್ಯಾರಿಯರಿನ ತೂಕ, ಸ್ಪ್ರಿಂಗಿನ ಬಿಗಿ ಎಲ್ಲವೂ ಅದಕ್ಕೆ ಹೊಂದಿದ್ದವು. ಗುಂಡಿನ ವೇಗ ಸೆಕೆಂಡಿಗೆ 3,250 ಅಡಿ ಇರಬೇಕು, ಚೇಂಬರಿನ ಒತ್ತಡ ನಿಗದಿತ ಮಿತಿ ದಾಟಬಾರದು ಎಂದು ಭೂಸೇನೆ ಷರತ್ತು ಹಾಕಿತು. ದೊಡ್ಡ ಪ್ರಮಾಣದಲ್ಲಿ ತಯಾರಿಸುವಾಗ ಎರಡೂ ಷರತ್ತು ಒಟ್ಟಿಗೆ ಈಡೇರುವುದು ಕಷ್ಟವಾಯಿತು. 1964ರಲ್ಲಿ ಓಲಿನ್ ಕಂಪನಿಯ ಡಬ್ಲ್ಯೂಸಿ 846 ಎಂಬ ಗುಂಡುಕಾಳಿನ ಮದ್ದಿಗೆ ಒಪ್ಪಿಗೆ ಸಿಕ್ಕಿತು. 7.62 ಮಿ.ಮೀ. ತೋಟಾದಲ್ಲಿ ಅದು ಆಗಲೇ ಬಳಕೆಯಲ್ಲಿತ್ತು.

ಹೊಸ ಮದ್ದು ಚೇಂಬರಿನ ಷರತ್ತನ್ನೂ ವೇಗದ ಷರತ್ತನ್ನೂ ಪೂರೈಸಿತು. ಆದರೆ ಅದು ಉರಿಯುವ ಬಗೆ ಬೇರೆ. ಗುಂಡು ಅನಿಲರಂಧ್ರ ದಾಟುವ ಹೊತ್ತಿಗೆ ಅಲ್ಲಿ ಉಳಿದಿರುವ ಒತ್ತಡ ಹಿಂದಿನದಕ್ಕಿಂತ ಹೆಚ್ಚು. ಷರತ್ತುಪಟ್ಟಿ ಚೇಂಬರಿನ ಒತ್ತಡ ಕೇಳಿತ್ತು. ರಂಧ್ರದ ಬಳಿಯ ಒತ್ತಡವನ್ನು ಅದೇ ಗಂಭೀರತೆಯಿಂದ ಕೇಳಿರಲಿಲ್ಲ. ಅಡುಗೆಯವನು ಒಲೆಯ ಬೆಂಕಿ ನೋಡಿ ಪಾತ್ರೆಯ ತಳ ನೋಡದೆ ಇದ್ದಂತಾಯಿತು. ಚಕ್ರದ ವೇಗ ನಿಮಿಷಕ್ಕೆ 850 ಗುಂಡಿನ ಮಿತಿ ದಾಟಿ ಕೆಲವು ರೈಫಲ್‌ಗಳಲ್ಲಿ 1,000ದ ಹತ್ತಿರ ಹೋಯಿತು. ತೋಟಾ ಗೋಡೆ ಬಿಡುವ ಮೊದಲೇ ಎಳೆತ ಶುರುವಾಯಿತು. ಮದ್ದಿನ ಆಮ್ಲಾಂಶ ತಗ್ಗಿಸಲು ಬೆರೆಸುತ್ತಿದ್ದ ಕ್ಯಾಲ್ಸಿಯಂ ಕಾರ್ಬೋನೇಟ್ ಅನಿಲದ ಕೊಳವೆಯಲ್ಲಿ ಸುಣ್ಣದಂತೆ ಕಟ್ಟಿಕೊಳ್ಳುತ್ತಿತ್ತು.

ಕಾರ್ಖಾನೆಯಲ್ಲಿ ರೈಫಲ್ ಒಪ್ಪಿಸುವ ಪರೀಕ್ಷೆಗೆ ಹಳೆಯ ಬಗೆಯ ಮದ್ದಿನ ತೋಟಾ ಬಳಸಲು ಅನುಮತಿ ಇತ್ತು, ಯುದ್ಧಭೂಮಿಗೆ ಹೋದದ್ದು ಮಾತ್ರ ಹೆಚ್ಚಾಗಿ ಗುಂಡುಕಾಳಿನ ಮದ್ದು: ಸಮಿತಿಯನ್ನು ಅತಿಯಾಗಿ ಕೆರಳಿಸಿದ್ದು ಇದು. ಮದ್ದು ಬದಲಾಯಿಸುವ ನಿರ್ಧಾರವಾದ ಮೇಲಷ್ಟೇ ತನ್ನ ಅಭಿಪ್ರಾಯ ಕೇಳಲಾಯಿತು, ತಾನು ಅದನ್ನು ಒಪ್ಪಲಿಲ್ಲ ಎಂದು ಸ್ಟೋನರ್ ಸಾಕ್ಷ್ಯ ನುಡಿದರು. ದೋಷ ಗೊತ್ತಿದ್ದೂ ಸರಿಪಡಿಸದ ಅಧಿಕಾರಿಗಳ ನಡೆ ಅಪರಾಧಕ್ಕೆ ಸಮೀಪದ ಅಲಕ್ಷ್ಯ ಎಂಬರ್ಥದ ಕಟುವಾದ ತೀರ್ಪನ್ನು ಸಮಿತಿ ಬರೆಯಿತು. ಸರ್ಕಾರಿ ವರದಿಗಳಲ್ಲಿ ಅಂಥ ಭಾಷೆ ಅಪರೂಪ. ಓದಿದರೆ ಆ ಸಿಟ್ಟು ನ್ಯಾಯವಾದದ್ದೆಂದೇ ಅನಿಸುತ್ತದೆ.

ಈ ವಾದದ ಬಲ, ಅದು 1962ರ ಯಶಸ್ಸನ್ನೂ 1967ರ ಸೋಲನ್ನೂ ಒಂದೇ ಎಳೆಯಲ್ಲಿ ವಿವರಿಸುತ್ತದೆ: ಕಾಡು ಅದೇ, ರೈಫಲ್ ಹೆಚ್ಚುಕಡಿಮೆ ಅದೇ, ಬದಲಾದದ್ದು ಮದ್ದು. ಅದರ ಕೊರತೆ ಮುಂದೆ ಕಾಣಿಸಿತು. ಎಂ-16ರ ತೋಟಾದಲ್ಲಿ ಗುಂಡುಕಾಳಿನ ಮದ್ದು ಆಮೇಲೂ ಮುಂದುವರಿಯಿತು. ರೈಫಲ್ ಮಾತ್ರ ಸುಧಾರಿಸಿತು.

ತುಕ್ಕೇ ಕಾರಣ ಎನ್ನುವವರು

ಎಂ-14ರ ನಳಿಗೆಗೆ, ಚೇಂಬರಿಗೆ ಒಳಗಡೆ ಕ್ರೋಮಿಯಂ ಲೇಪನ ಇತ್ತು. ಪೆಸಿಫಿಕ್ ದ್ವೀಪಗಳ ಯುದ್ಧದಲ್ಲಿ ತೇವದ ಹೊಡೆತ ಕಂಡ ಸೇನೆಗೆ ಅದರ ಬೆಲೆ ಗೊತ್ತಿತ್ತು. ಮೊದಲ ಎಂ-16ಗಳಿಗೆ ಆ ಲೇಪನ ಇರಲಿಲ್ಲ. ವಿಯೆಟ್ನಾಮಿನ ಮಳೆ, ಗದ್ದೆಯ ಕೆಸರು, ಬೆವರು ಸೇರಿ ಬರೀ ಉಕ್ಕಿನ ಚೇಂಬರಿಗೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಕಾಗಲಿಲ್ಲ. ತುಕ್ಕು ತಿಂದ ಉಕ್ಕಿನಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳು ಬೀಳುತ್ತವೆ. ಒತ್ತಡಕ್ಕೆ ಊದಿದ ಹಿತ್ತಾಳೆ ಆ ಗುಳಿಗಳೊಳಗೆ ಹರಿದು ಕಚ್ಚಿಕೊಳ್ಳುತ್ತದೆ. ಹಾಗೆ ಕಚ್ಚಿದ ತೋಟಾವನ್ನು ಬೋಲ್ಟು ನಿಧಾನವಾಗಿ ಎಳೆದರೂ ಬಿಡಿಸುವುದು ಕಷ್ಟ.

ಸಿ. ಜೆ. ಚೈವರ್ಸ್ 2010ರ ತಮ್ಮ ‘ದಿ ಗನ್’ ಪುಸ್ತಕದಲ್ಲಿ ಈ ಅಂಶಕ್ಕೆ ಹೆಚ್ಚು ಒತ್ತು ಕೊಟ್ಟಿದ್ದಾರೆ. ಒಂದೇ ದಳದಲ್ಲಿ, ಒಂದೇ ಪೆಟ್ಟಿಗೆಯ ತೋಟಾ ಹಾರಿಸುತ್ತಿದ್ದ ಇಬ್ಬರಲ್ಲಿ ಒಬ್ಬನ ರೈಫಲ್ ನಡೆದು ಇನ್ನೊಬ್ಬನದು ನಿಲ್ಲುವುದೇಕೆ ಎಂಬ ಪ್ರಶ್ನೆಗೆ ಮದ್ದಿನ ವಾದ ಉತ್ತರಿಸಲು ತಡವರಿಸುತ್ತದೆ. ತುಕ್ಕಿನ ವಾದ ಸುಲಭವಾಗಿ ಉತ್ತರಿಸುತ್ತದೆ. 1962ರ ರೈಫಲ್‌ಗಳಿಗೂ ಲೇಪನ ಇರಲಿಲ್ಲವಲ್ಲ ಎಂಬ ಆಕ್ಷೇಪಕ್ಕೂ ಅದರ ಬಳಿ ಮಾತಿದೆ: ಅವು ಹೊಸವು, ಸಂಖ್ಯೆಯಲ್ಲಿ ಕಡಿಮೆ, ಅವುಗಳ ಮೇಲೆ ಕಣ್ಣಿಟ್ಟವರು ಹಲವರು. ಗುಳಿ ಬೀಳಲು ಕಾಲ ಬೇಕು, ಅಲಕ್ಷ್ಯ ಬೇಕು.

ಆರೈಕೆಯ ಕೊರತೆ

ಸೇನೆ ಮೊದಮೊದಲು ಆಡಿದ ಮಾತು, ಸೈನಿಕರು ರೈಫಲ್ ಶುಚಿ ಮಾಡುತ್ತಿಲ್ಲ ಎಂಬುದು. ಇದರಲ್ಲಿ ಸತ್ಯದ ಒಂದು ಪಾಲು ಇದೆ. ಈ ರೈಫಲ್ ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುತ್ತದೆ ಎಂಬ ನಂಬಿಕೆ ಹರಡಿತ್ತು. ಶುಚಿಕಡ್ಡಿ, ಚೇಂಬರಿನ ಬ್ರಷ್, ಸರಿಯಾದ ಎಣ್ಣೆ ಸಾಕಷ್ಟು ತಲುಪಿರಲಿಲ್ಲ. ಹೊರಡುವ ಮೊದಲೇ ಈ ರೈಫಲ್‌ನಲ್ಲಿ ಚೆನ್ನಾಗಿ ಪಳಗಿದ್ದ ಇಯಾ ಡ್ರಾಂಗ್‌ನ ದಳ ಅದನ್ನು ಹೊಗಳಿತು. ಯುದ್ಧದ ನಡುವೆ ಅದನ್ನು ಕೈಗೆತ್ತಿಕೊಂಡ ಮರೀನ್‌ಗಳು ಶಪಿಸಿದರು. ಹೋಲಿಕೆ ಮಹತ್ವದ್ದೇ. ಆದರೆ ಬ್ರಷ್ ಕೊಡದೆ ಉಜ್ಜಲಿಲ್ಲ ಎಂದು ದೂರುವುದು ಅನ್ಯಾಯ. ಪ್ರತಿದಿನ ಉಜ್ಜಿದರೂ ರೈಫಲ್ ನಿಂತಿತೆಂದು ಸಾಕ್ಷ್ಯ ಹೇಳಿದವರೂ ಇದ್ದಾರೆ. ಮುಂದೆ ಸೇನೆ ಪ್ರಸಿದ್ಧ ಕಾಮಿಕ್ಸ್ ಕಲಾವಿದ ವಿಲ್ ಐಸ್ನರ್ ಅವರಿಂದ ಬಣ್ಣದ ಚಿತ್ರಗಳ ನಿರ್ವಹಣಾ ಕೈಪಿಡಿ ಬರೆಸಿ ಹಂಚಿತು. ತಿಳಿವಳಿಕೆಯ ಕೊರತೆ ತನ್ನ ಕಡೆಯಿಂದಲೇ ಆಗಿತ್ತೆಂದು ಒಪ್ಪಿಕೊಂಡಂತೆಯೇ ಅದು.

ದೋಷ ಕಚೇರಿಯದು ಎನ್ನುವವರು

ಸೇನೆಯ ಶಸ್ತ್ರಾಸ್ತ್ರ ವಿಭಾಗಕ್ಕೆ ಹೊರಗಿನವರು ಮಾಡಿದ ಬಂದೂಕು ಇಷ್ಟವಿರಲಿಲ್ಲ, ಆದ್ದರಿಂದ ಅದನ್ನು ಕೆಡಿಸಿತು ಎಂಬುದು ಫಾಲೋಸ್ ಬರಹದ ಧಾಟಿ. ಥಾಮಸ್ ಮೆಕ್‌ನಾಹರ್ 1984ರ ‘ದಿ ಎಂ16 ಕಾಂಟ್ರವರ್ಸೀಸ್’ ಪುಸ್ತಕದಲ್ಲಿ ಇನ್ನೂ ತಾಳ್ಮೆಯಿಂದ ನೋಡುತ್ತಾರೆ. ಸಂಶೋಧನೆ, ಪರೀಕ್ಷೆ, ತಿದ್ದುಪಡಿ, ತಯಾರಿಕೆ ಎಂಬ ಕ್ರಮವನ್ನು ಮೇಲಿನವರ ಅವಸರ ಹರಿದು ಹಾಕಿತು. ತಯಾರಿಕೆ ಮೊದಲು ಬಂತು, ಪರೀಕ್ಷೆ ಯುದ್ಧಭೂಮಿಯಲ್ಲಿ ನಡೆಯಿತು. ಮದ್ದಿನವರು ಮದ್ದಿನ ಷರತ್ತು ನೋಡಿದರು, ರೈಫಲಿನವರು ರೈಫಲಿನದು. ತೋಟಾ, ಚೇಂಬರು, ಬೋಲ್ಟು ಮೂರನ್ನೂ ಒಂದೇ ಯಂತ್ರವಾಗಿ ನೋಡಿ ಉತ್ತರ ಹೇಳಬೇಕಾದವರು ಯಾರೂ ಇರಲಿಲ್ಲ. ಸಂಚಿನ ಕಥೆಗಿಂತ ಇದು ಹೆಚ್ಚು ನಂಬುವಂತಿದೆ. ಸಂಚಾದರೆ ಹೊಣೆಗಾರರನ್ನು ಹೆಸರಿಸಬಹುದಿತ್ತು. ಆದರೂ ಉಕ್ಕಿಗೂ ಹಿತ್ತಾಳೆಗೂ ನಡುವೆ ಏನಾಯಿತು ಎಂಬುದನ್ನು ಈ ವಾದ ಮುಟ್ಟುವುದಿಲ್ಲ.

ತಿದ್ದುಪಡಿಗಳಿಂದ ಸಿಗುವ ಸುಳಿವು

ಯಾವ ಔಷಧಕ್ಕೆ ರೋಗ ಬಿಟ್ಟಿತು ಎಂಬುದರಿಂದ ರೋಗ ಗುರುತಿಸುವುದು ಹಳೆಯ ಪದ್ಧತಿ. ಇಲ್ಲಿ ಅದೂ ಪೂರ್ತಿ ಫಲಿಸದು, ಏಕೆಂದರೆ ಔಷಧಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಬಂದವು. 1966ರ ಕೊನೆಗೆ ಬೋಲ್ಟಿನ ಹಿಂದೆ ಕೂರುವ ಹೊಸ ಬಫರ್ ಬಂತು. ಅದರೊಳಗೆ ಜಾರುವ ತೂಕದ ತುಂಡುಗಳಿದ್ದು ಬೋಲ್ಟಿನ ವೇಗ ತಗ್ಗಿಸಿದವು, ಮುಂದೆ ಬಡಿದು ಪುಟಿಯುವುದನ್ನೂ ತಡೆದವು. 1967ರಲ್ಲಿ ಚೇಂಬರಿಗೆ ಕ್ರೋಮಿಯಂ ಲೇಪನ, ನಂತರದ ವರ್ಷಗಳಲ್ಲಿ ಇಡೀ ನಳಿಗೆಗೆ. ಮದ್ದಿನಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟ್ ಮಿತಿ ಶೇ. 1ರಿಂದ ಶೇ. 0.25ಕ್ಕೆ ಇಳಿಯಿತು. ಬ್ರಷ್, ಎಣ್ಣೆ, ಕೈಪಿಡಿ ತಲುಪಿದವು. ಹೀಗೆ ತಿದ್ದಿದ ಎಂ-16ಎ1 ಯುದ್ಧದ ಕೊನೆಯ ವರ್ಷಗಳಲ್ಲಿ ನಂಬಿಕೆ ಗಳಿಸಿತು.

ಮದ್ದಿನ ಕುಟುಂಬ ಬದಲಾಗದೆ ರೈಫಲ್ ಸುಧಾರಿಸಿತೆಂದರೆ, ಮದ್ದಿಗೆ ರೈಫಲನ್ನು ಹೊಂದಿಸಿದ್ದೇ ಸಾಕಾಯಿತು ಎಂದರ್ಥ. ಹೊಸ ಮದ್ದು ತನ್ನಷ್ಟಕ್ಕೆ ಕೆಟ್ಟದ್ದಾಗಿರಲಿಲ್ಲ. ಬೇರೆ ಮದ್ದಿಗೆ ಅಳೆದು ಮಾಡಿದ ಯಂತ್ರಕ್ಕೆ ಅದು ಹೊಂದಲಿಲ್ಲ. ಹೊಂದಾಣಿಕೆ ಕೆಟ್ಟ ಯಂತ್ರದಲ್ಲಿ ಉಳಿದಿದ್ದ ಅಲ್ಪ ಅವಕಾಶವನ್ನೂ ತುಕ್ಕು ತಿಂದಿತು. ಎರಡು ವಾದಗಳನ್ನು ಹೀಗೆ ಜೋಡಿಸಿ ಓದಿದಾಗಲೇ ಸಾಕ್ಷ್ಯಗಳಲ್ಲಿ ಹೆಚ್ಚಿನವು ಒಂದಕ್ಕೊಂದು ಹೊಂದುತ್ತವೆ.

ಮೋಟು ನಳಿಗೆ

ಎಂ-16ರ ನಳಿಗೆ 20 ಅಂಗುಲ, ಅದೇ ವಿನ್ಯಾಸದ ಈಗಿನ ಎಂ-4 ಕಾರ್ಬೈನಿನದು 14.5 ಅಂಗುಲ. ನಳಿಗೆ ಮೋಟಾದಾಗ ಅನಿಲರಂಧ್ರವೂ ಚೇಂಬರಿಗೆ ಹತ್ತಿರ ಬರುತ್ತದೆ, ಅಲ್ಲಿನ ಒತ್ತಡ ಹೆಚ್ಚುತ್ತದೆ, ಬೋಲ್ಟು ಮತ್ತೆ ಅವಸರ ಮಾಡುತ್ತದೆ. ಹೆಚ್ಚು ತೂಕದ ಬಫರ್, ಬಿಗಿಯಾದ ಎಕ್ಸ್‌ಟ್ರಾಕ್ಟರ್ ಸ್ಪ್ರಿಂಗ್ ಅದಕ್ಕೆ ಪರಿಹಾರವಾಗಿ ಬಂದವು. ಅಮೆರಿಕದ ನಾಗರಿಕರು ಬೇರೆ ಬೇರೆ ಕಾರ್ಖಾನೆಯ ಭಾಗ ಜೋಡಿಸಿಕೊಳ್ಳುವ ಎಆರ್-15 ಮಾದರಿಗಳಲ್ಲಿ ಚಕ್ರ ತಪ್ಪುವುದೂ ಇದೇ ಲೆಕ್ಕದಲ್ಲಿ: ನಳಿಗೆ, ರಂಧ್ರ, ಬಫರ್, ಸ್ಪ್ರಿಂಗ್, ತೋಟಾ ಇವುಗಳಲ್ಲಿ ಒಂದು ಬದಲಾದರೆ ಉಳಿದವುಗಳ ಲೆಕ್ಕವೂ ಬದಲಾಗುತ್ತದೆ.

2007ರಲ್ಲಿ ಸೇನೆ ನಾಲ್ಕು ಮಾದರಿಗಳ ಧೂಳಿನ ಪರೀಕ್ಷೆ ನಡೆಸಿತು. ತಲಾ 10 ರೈಫಲ್, ಮಾದರಿಗೆ 60,000 ಗುಂಡು. ಎಂ-4 882 ಬಾರಿ ನಿಂತಿತು. ಪಿಸ್ಟನ್ ಇರುವ ಎಚ್‌ಕೆ416 233 ಬಾರಿ, ಸ್ಕಾರ್ 226, ಎಕ್ಸ್‌ಎಂ8 127. ಮೊದಲಿನ ಪರೀಕ್ಷೆಯೊಂದರಲ್ಲಿ ಎಂ-4 ನಿಂತದ್ದು 307 ಬಾರಿ ಮಾತ್ರ. ಮರುವರ್ಷ ಜುಲೈನಲ್ಲಿ ಅಫ್ಘಾನಿಸ್ತಾನದ ವಾನತ್‌ನಲ್ಲಿ 9 ಅಮೆರಿಕನ್ ಸೈನಿಕರು ಸತ್ತ ಕಾಳಗದಲ್ಲಿ ಎಂ-4 ನಿಂತ ದೂರುಗಳು ಬಂದಾಗ ಹಳೆಯ ವಾದ ಮತ್ತೆ ಜೀವ ಪಡೆಯಿತು. ಪಿಸ್ಟನ್ ಇದ್ದರೆ ಎಲ್ಲ ಸರಿ ಎನ್ನುವಂತೆಯೂ ಇಲ್ಲ. ಭಾರತದ 5.56 ಮಿ.ಮೀ. ಇನ್ಸಾಸ್ ರೈಫಲ್ ಪಿಸ್ಟನ್ ಇರುವಂಥದ್ದೇ. 1999ರ ಕಾರ್ಗಿಲ್ ಚಳಿಯಲ್ಲಿ ಅದರ ಪ್ಲಾಸ್ಟಿಕ್ ಮ್ಯಾಗಜೀನ್ ಬಿರುಕು ಬಿಟ್ಟ, ರೈಫಲ್ ನಿಂತ ದೂರುಗಳು ಬಂದವು.

ಇತ್ಯರ್ಥವಾಗದೆ ಉಳಿದದ್ದು

1967ರಲ್ಲಿ ನಿಂತ ರೈಫಲ್‌ಗಳಲ್ಲಿ ಮದ್ದಿನ ಪಾಲೆಷ್ಟು, ತುಕ್ಕಿನ ಪಾಲೆಷ್ಟು ಎಂಬುದು ಮೊದಲ ಪ್ರಶ್ನೆ. ಅದನ್ನು ಬಿಡಿಸಲು ಜಾಮ್ ಆದ ಪ್ರತಿ ರೈಫಲ್‌ನ ಚೇಂಬರಿನ ಸ್ಥಿತಿಯನ್ನೂ ಅದರಲ್ಲಿದ್ದ ತೋಟಾ ಯಾವ ತಯಾರಿಕಾ ಕಂತಿನದು ಎಂಬುದನ್ನೂ ಜೊತೆಗಿಟ್ಟು ನೋಡಬೇಕು. ಗುಂಡಿನ ಮಳೆಯಲ್ಲಿ ಅಂಥ ಲೆಕ್ಕ ಇಡುವವರು ಇರಲಿಲ್ಲ. ಸಮಿತಿಗಳ ಮುಂದೆ ಬಂದದ್ದು ಹೆಚ್ಚಾಗಿ ಬದುಕಿ ಬಂದವರ ನೆನಪು, ಮತ್ತು ಅಮೆರಿಕದ ಪರೀಕ್ಷಾಕಣದ ಅಂಕಿ. ತೋಟಾದ ಹಿತ್ತಾಳೆಯ ಗಡಸುತನದ ಪಾತ್ರ ಎಷ್ಟಿತ್ತು ಎಂಬುದೂ ಇದೇ ಕಾರಣಕ್ಕೆ ತೂಗಲಾಗದೆ ಉಳಿದಿದೆ.

ಎರಡನೆಯದು ಪರೀಕ್ಷಾಕಣದ ಧೂಳು ರಣಭೂಮಿಯ ಧೂಳಿಗೆ ಎಷ್ಟು ಸಮ ಎಂಬ ಪ್ರಶ್ನೆ. 307, 882 ಎರಡೂ ಒಂದೇ ಮಾದರಿಯ ರೈಫಲ್‌ಗೆ ಬಂದ ಅಂಕಿಗಳು. ಬಂದೂಕು, ಮ್ಯಾಗಜೀನ್, ಧೂಳು ಹಾಕಿದ ಬಗೆ, ಎಣಿಸಿದವರ ಕಣ್ಣು ಇವುಗಳಲ್ಲಿ ಯಾವುದು ಆ ಅಂತರ ತಂದಿತು ಎಂಬ ಬಗ್ಗೆ ಒಮ್ಮತವಿಲ್ಲ. ಬಹುಕಾಲ ಸತತವಾಗಿ ಹಾರಿಸಿ ನಳಿಗೆ ಕಾದಾಗ ರೈಫಲ್ ನಿಲ್ಲುವುದನ್ನು ಚಕ್ರದ ದೋಷ ಎನ್ನಬೇಕೋ, ಯಂತ್ರದ ಮಿತಿ ಎನ್ನಬೇಕೋ ಎಂಬುದರಲ್ಲಿ ವಾನತ್ ಕಾಳಗವನ್ನು ಓದುವವರು ಇಂದಿಗೂ ಎರಡು ಪಕ್ಷವಾಗಿದ್ದಾರೆ.